ಸಾಲಿನ ಕೊನೆಯ ಕುರ್ಚಿ

ಸಂಜೆ ಅಬ್ಬಾ ಪ್ರದರ್ಶನದ ಚಿತ್ರ ನೋಡಲು ಬರುತ್ತಾರೆ. ಬೆಳಗಿನಿಂದ ಅಫ್ಸರನ ತಲೆಯಲ್ಲಿ ಈ ಒಂದೇ ಮಾತು ಕೊರೆಯುತ್ತಿತ್ತು. ಪಾವಗಡ ರಸ್ತೆಯ ತನ್ನ ಅಂಗಡಿಯ ಮುಂದೆ ಗೋಣಿತಟ್ಟಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಯಾರದೋ ಲೂನಾದ ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ಅದ್ದಿ ಊದುತ್ತಿದ್ದ. ಕಸವೆಲ್ಲ ಆಗಲೇ ಹೋಗಿತ್ತು, ಆದರೂ ಊದುತ್ತಲೇ ಇದ್ದ. ಬೆಳಿಗ್ಗೆ ತಂಗಿ ಜಬೀನ್ ಅಬ್ಬಾನ ಶೇರ್ವಾನಿಯನ್ನು ಇಸ್ತ್ರಿಗೆ ಕೊಟ್ಟು ಬಂದಿದ್ದಳು. ಹಬ್ಬಕ್ಕೆ, ಮದುವೆಗೆ ಬಿಟ್ಟರೆ ಪೆಟ್ಟಿಗೆಯಿಂದ ಹೊರಬರದ ಶೇರ್ವಾನಿ. ಲಕ್ವ ಹೊಡೆದ ಮೇಲೆ ಅದರ ಎಡತೋಳಿನೊಳಗೆ ಅಬ್ಬಾನ ಸತ್ತ ಕೈಯನ್ನು ತೂರಿಸುವುದೇ ಒಂದು ದೊಡ್ಡ ಕೆಲಸ, ಅದಕ್ಕೆ ಇಬ್ಬರು ಬೇಕು. 'ನಿಮ್ಮ ಫೋಟೋ ಇಷ್ಟು ದೊಡ್ಡದು ಮಾಡಿ ಗೋಡೆಗೆ ಹಾಕ್ಯಾರಂತೆ' ಎಂದು ಎರಡೂ ಕೈ ಅಗಲಿಸಿ ಅಬ್ಬಾನಿಗೆ ತೋರಿಸಿದವಳು ಜಬೀನಳೇ. ಅವಳ ತಪ್ಪೇನೂ ಇಲ್ಲ. ರಮ್ಜಾನ್ ಹಬ್ಬ ಆದ ಹೊಸತರಲ್ಲಿ, ಬಟ್ಟೆ ಒಗೆಯಲು ತೆಗೆದಾಗ, ಅವನ ಅಂಗಿಯ ಜೇಬಿನಲ್ಲಿ ಪೋಸ್ಟ್ ಕಾರ್ಡ್ ಗಾತ್ರದ ಫೋಟೋ ಅವಳಿಗೆ ಸಿಕ್ಕಿತ್ತು. ಈದ್ಗಾ ಮೈದಾನ, ನಮಾಜಿನ ಸಾಲು, ಸಾಲಿನ ಕೊನೆಗೆ ಮಡಚುವ ಕಬ್ಬಿಣದ ಕುರ್ಚಿಯ ಮೇಲೆ ಕೂತ ಅಬ್ಬಾ. ಅವಳು ಓಡಿಹೋಗಿ ಅಬ್ಬಾನಿಗೆ ತೋರಿಸುವಷ್ಟರಲ್ಲಿ ಅಫ್ಸರ್ ಕಸಿದುಕೊಂಡಿದ್ದ. 'ದೊಡ್ಡದು ಮಾಡಿಸ್ತಾ ಇದ್ದೀನಿ, ಆವಾಗ ನೋಡಲಿ' ಎಂದಿದ್ದ. ಆ ಹೊತ್ತಿಗೆ ಹೊಳೆದ ಸುಳ್ಳು ಅದು. ಆಮೇಲೆ ಚಿತ್ರ ನಿಜವಾಗಿಯೂ ದೊಡ್ಡದಾಯಿತು, ಮೊದಲ ಬಹುಮಾನವೂ ಬಂತು, ಚಿತ್ರದಲ್ಲಿ ಅಬ್ಬಾ ಮಾತ್ರ ಇಲ್ಲ.

ಇಲ್ಲ ಎಂದರೆ, ತಾನಾಗಿ ಇಲ್ಲವಾದದ್ದಲ್ಲ. ಊರಿನ ಹವ್ಯಾಸಿ ಫೋಟೋ ಬಳಗದವರು ತಿಂಗಳಿಗೊಮ್ಮೆ ಮುದ್ದಪ್ಪ ಮೇಷ್ಟ್ರ ಮನೆಯ ಮಹಡಿಯಲ್ಲಿ ಸೇರುತ್ತಿದ್ದರು. ಮೇಷ್ಟ್ರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ರಿಟೈರಾದವರು, ಸ್ನಾನದ ಮನೆಯನ್ನೇ ಕತ್ತಲೆಕೋಣೆ ಮಾಡಿಕೊಂಡು ಕಪ್ಪುಬಿಳುಪಿನ ಪ್ರಿಂಟು ಹಾಕುತ್ತಿದ್ದವರು. ಅವರಲ್ಲಿ ಒಂದು ಪದ್ಧತಿ ಇತ್ತು. ಹಳೆಯ ಕೇರಂ ಬೋರ್ಡನ್ನು ಗೋಡೆಗೆ ಆನಿಸಿ, ಅದರ ಮೇಲೆ ಒಬ್ಬೊಬ್ಬರ ಫೋಟೋ ಇಟ್ಟು, ಉಳಿದವರೆಲ್ಲ ಒಂದೊಂದು ತಪ್ಪು ಹೇಳಬೇಕು. ತಪ್ಪು ಹೇಳದೆ ಹೊಗಳುವಂತಿಲ್ಲ. ಫೋಟೋ ತೆಗೆದವನು ಅಷ್ಟು ಹೊತ್ತೂ ಬಾಯಿ ಬಿಡುವಂತಿಲ್ಲ. ಇದು ಯಾರು, ಎಲ್ಲಿ, ಯಾಕೆ ತೆಗೆದೆ, ಒಂದನ್ನೂ ಹೇಳುವಂತಿಲ್ಲ. ಎಲ್ಲರದೂ ಮುಗಿದ ಮೇಲೆ ಮೇಷ್ಟ್ರು ರಟ್ಟಿನಲ್ಲಿ ಕತ್ತರಿಸಿದ ಎಲ್ ಆಕಾರದ ಎರಡು ಮೂಲೆಗಟ್ಟುಗಳನ್ನು ತೆಗೆದು ಫೋಟೋದ ಮೇಲಿಟ್ಟು, ಆ ಕಡೆ ಈ ಕಡೆ ಸರಿಸುತ್ತ, ಎಷ್ಟು ಉಳಿಸಬೇಕು, ಎಷ್ಟು ಕಡಿಯಬೇಕು ಎಂದು ತೋರಿಸುತ್ತಿದ್ದರು. ಅವರ ಬೆರಳುಗಳಲ್ಲಿ ಆ ರಟ್ಟುಗಳು ಸರಿಯುವಾಗ ಅಫ್ಸರನಿಗೆ ಎಂಜಿನ್ ಬಿಚ್ಚಿ ನೋಡುವಾಗಿನ ಖುಷಿಯೇ ಆಗುತ್ತಿತ್ತು. ಆ ಮಹಡಿಯಲ್ಲಿ ಅವನು ಮೆಕ್ಯಾನಿಕ್ ಅಲ್ಲ, ಸಾಬರ ಹುಡುಗನೂ ಅಲ್ಲ. ಪಾತಣ್ಣನಂಥ ಪಿಯು ಕಾಲೇಜಿನ ಲೆಕ್ಚರರು 'ಅಫ್ಸರ್, ನಿಮಗೇನನ್ನಿಸ್ತೈತ್ರಿ' ಎಂದು ಬಹುವಚನದಲ್ಲಿ ಕೇಳುತ್ತಿದ್ದರು. ಅಷ್ಟಕ್ಕೇ ಅವನು ಸೋತುಹೋಗಿದ್ದ. ಉಗುರಿನ ಸಂದಿಯ ಗ್ರೀಸು ಹೋಗಲೆಂದು ಆ ದಿನ ಸೀಮೆಎಣ್ಣೆ, ಸೋಪು ಎರಡರಲ್ಲೂ ಕೈ ತಿಕ್ಕಿಕೊಂಡು ಹೋಗುತ್ತಿದ್ದ.

ಆ ವರ್ಷ ಬಳಗದ ಪ್ರದರ್ಶನಕ್ಕೆ ಮೇಷ್ಟ್ರು 'ಆರಾಧನೆ' ಎಂದು ವಿಷಯ ಕೊಟ್ಟರು. ಪೂಜೆ, ಭಜನೆ, ನಮಾಜು, ಯಾರ ದೇವರಾದರೂ ಸರಿ. 'ನಿಮ್ಮೋರದು ನಮಗ್ಯಾರಿಗೂ ತೆಗೆಯಾಕಾಗಲ್ಲಪ್ಪ, ಅದನ್ನ ನೀನೇ ತರಬೇಕು' ಎಂದು ಅಫ್ಸರನ ಬೆನ್ನು ತಟ್ಟಿದರು. ಬೆನ್ನ ಮೇಲಿನ ಆ ಕೈಯ ಬಿಸಿಯನ್ನು ಅವನು ಮನೆತನಕ ಹೊತ್ತುಕೊಂಡು ಹೋಗಿದ್ದ.

ಮೊದಲು ಬೋರ್ಡಿನ ಮೇಲೆ ಬಂದದ್ದು ವೀರೇಶನ ಫೋಟೋ. ವೀರೇಶ ಬಿ.ಜಿ. ಕೆರೆಯವನು, ಇಲ್ಲಿ ಶೇಂಗಾ ಮಂಡಿಯಲ್ಲಿ ಗುಮಾಸ್ತ, ಅಫ್ಸರನ ಜೊತೆ ಕ್ಯಾಮೆರಾ ಹಿಡಿಯಲು ಕಲಿತವನು. ಆ ಫೋಟೋ ತೆಗೆದ ಮಂಗಳವಾರ ಅಫ್ಸರನೂ ಅವನ ಜೊತೆ ತನ್ನ ಹಳೇ ಎಂ-ಎಯ್ಟಿ ಗಾಡಿಯಲ್ಲಿ ಹೋಗಿದ್ದ. ಊರಾಚೆಯ ಮಾರಮ್ಮನ ಗುಡಿ, ಒಳಗೆ ಎರಡಾಳು ನಿಲ್ಲುವಷ್ಟೇ ಜಾಗ. ವೀರೇಶನ ಅವ್ವ ಚಿನ್ನಕ್ಕ ಆರತಿ ತಟ್ಟೆ ಹಿಡಿದು ನಿಂತಿದ್ದಳು. 'ಏಮಪ್ಪಾ ಅಫ್ಸರೂ, ಬಾಗುನ್ನಾವಾ? ನಿಮ್ಮಪ್ಪ ಹೆಂಗವ್ನೆ, ಕೈ ಆಡ್ತೈತಾ?' ಎಂದು ತೆಲುಗು ಕನ್ನಡ ಬೆರೆಸಿ, ದೇವರ ಮುಂದೆ ನಿಂತೇ ಯೋಗಕ್ಷೇಮ ವಿಚಾರಿಸಿದಳು. ವೀರೇಶ ಕ್ಯಾಮೆರಾ ಎತ್ತಿ 'ಅವ್ವಾ' ಎಂದ. ಅವಳು ತಿರುಗಿ ನೋಡಿದಳು. ಆ ಗಳಿಗೆಯೇ ಫೋಟೋದಲ್ಲಿ ಕೂತಿತ್ತು: ಆರತಿಯ ದೀಪ ಒಂದು ಕಡೆ, ಮಾರಮ್ಮ ಹಿಂದೆ, ಚಿನ್ನಕ್ಕ ನೆಟ್ಟಗೆ ಕ್ಯಾಮೆರಾದೊಳಗೆ, ಎಂದರೆ ಮಗನನ್ನೇ, ನೋಡುತ್ತಿದ್ದಳು. ಇದೆಲ್ಲ ಗೊತ್ತಿದ್ದ ಅಫ್ಸರ್ ಮಹಡಿಯಲ್ಲಿ ಗಂಟಲು ಸರಿಮಾಡಿಕೊಂಡು, ಪಾತಣ್ಣ ಪಾಠ ಮಾಡುವಂಥ ಪುಸ್ತಕದ ಕನ್ನಡದಲ್ಲಿ, 'ಈ ಹೆಂಗಸಿನ ಮುಖದಲ್ಲಿ ಭಕ್ತಿ ಇಲ್ಲ ಸಾರ್. ಪೂಜೆ ಮಾಡ್ತಾ ಇಲ್ಲ, ಫೋಟೋಗೆ ನಿಂತಿದ್ದಾಳೆ' ಎಂದ. ಮೇಷ್ಟ್ರು 'ಭೇಷ್' ಎಂದರು. ಆಗ ವೀರೇಶ ಎದ್ದು ನಿಂತ. 'ನಮ್ಮವ್ವ ಕಣ್ರಿ ಅದು. ನಾನು ಕರೆದಿದ್ದಕ್ಕೆ ನೋಡಿದ್ದು.' ಅವನ ದನಿ ಹರಿದುಹೋಗಿತ್ತು. ಮೇಷ್ಟ್ರು ಸಿಟ್ಟಾಗಲಿಲ್ಲ, ನಗುತ್ತಲೇ ಹೇಳಿದರು, 'ಅವ್ವನ್ನ ಮನೇಲಿಟ್ಕಳಪ್ಪ. ಇಲ್ಲಿ ಚಿತ್ರ ಇಡು.' ಎಲ್ಲರೂ ನಕ್ಕರು. ಅಫ್ಸರನೂ ನಕ್ಕ. ಅವನ ನಗು ಬೇರೆಯವರದಕ್ಕಿಂತ ಅರ್ಧ ಗಳಿಗೆ ತಡವಾಗಿ ನಿಂತಿತು, ಅದು ವೀರೇಶನಿಗೆ ಕೇಳಿಸಿತು.

ರಮ್ಜಾನ್ ಹಬ್ಬದ ದಿನ ಬೆಳಿಗ್ಗೆ ಚಳಿ ಇತ್ತು. ಲಕ್ವ ಹೊಡೆಯುವ ಮುಂಚೆ ಅಬ್ಬಾ, ಊರಿನವರ ಪಾಲಿಗೆ ಬುಡೇನ್ ಸಾಬ್, ಹಬ್ಬದ ಹಿಂದಿನ ದಿನವೇ ಸೈಕಲ್ ಅಂಗಡಿ ಮುಚ್ಚಿ ಈದ್ಗಾಕ್ಕೆ ಹೋಗುತ್ತಿದ್ದರು. ಈ ತುದಿಯಿಂದ ಆ ತುದಿಗೆ ದಾರ ಎಳೆದು, ದಾರದಗುಂಟ ಸುಣ್ಣದ ಪುಡಿ ಉದುರಿಸಿ, ಸಾಲು ಸಾಲಿಗೂ ಗೆರೆ ಹಾಕುತ್ತಿದ್ದರು. ಮರುದಿನ ನಮಾಜು ಶುರುವಾಗುವ ಮುಂಚೆ ಸಾಲುಗಳ ನಡುವೆ ಓಡಾಡುತ್ತ 'ಸಫ್ ಸೀಧಿ ಕರೋ ಭಾಯ್, ಬೀಚ್ ಮೆ ಜಗಾ ನಕ್ಕೋ ಛೋಡೋ' ಎಂದು ಕೂಗುವುದೂ ಅವರದೇ ಕೆಲಸ. ಸಾಲು ನೆಟ್ಟಗಿರಲಿ, ನಡುವೆ ಜಾಗ ಬಿಡಬೇಡಿ. ದೊಡ್ಡ ಮಂಡಿ ಸಾಹುಕಾರನನ್ನೂ ಭುಜ ಹಿಡಿದು ಹಿಂದೆ ಸರಿಸುತ್ತಿದ್ದರು, ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಈಗ ಬೇರೆ ಯಾರೋ ಗೆರೆ ಹಾಕುತ್ತಾರೆ. ಅಬ್ಬಾ ನೆಲಕ್ಕೆ ಬಾಗಲಾರರು, ಸಾಲಿನ ಕೊನೆಗೆ ಕುರ್ಚಿ ಹಾಕಿಸಿಕೊಂಡು ಕೂತಲ್ಲೇ ತಲೆ ತಗ್ಗಿಸುತ್ತಾರೆ. ಆ ದಿನವೂ ಅಫ್ಸರ್ ಅವರನ್ನು ಕುರ್ಚಿಯ ಮೇಲೆ ಕೂರಿಸಿ, ಪಕ್ಕದಲ್ಲಿ ಮನೆಯ ಜಾನಮಾಜನ್ನು, ಒಂದು ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆಯ ಸುಟ್ಟ ಗುರುತಿದ್ದ ಆ ನಮಾಜಿನ ಚಾಪೆಯನ್ನು, ಹಾಸಿದ. 'ಈಗ ಬಂದೆ' ಎಂದು ಹೇಳಿ ಹೋದ. ಹೋದದ್ದು ಮೈದಾನದ ಪಕ್ಕದ ಕಾಂಪೌಂಡ್ ಗೋಡೆಗೆ. ಅಂಗಿಯೊಳಗೆ ಬಚ್ಚಿಟ್ಟುಕೊಂಡಿದ್ದ ಹಳೇ ರಷ್ಯನ್ ಕ್ಯಾಮೆರಾದೊಂದಿಗೆ ಗೋಡೆ ಹತ್ತಿ ನಿಂತ. ಎಷ್ಟು ಜನರಿದ್ದರೋ, ಎಲ್ಲರ ಹಣೆ ಒಟ್ಟಿಗೆ ನೆಲ ಮುಟ್ಟಿತು. ಇಡೀ ಮೈದಾನದಲ್ಲಿ ನೆಟ್ಟಗೆ ನಿಂತವನು ತಾನೊಬ್ಬನೇ, ಅದೂ ಒಂದು ಕಣ್ಣು ಮುಚ್ಚಿಕೊಂಡು. ಕ್ಲಿಕ್ ಎಂದ ಸದ್ದು ಇಡೀ ಊರಿಗೆ ಕೇಳಿಸಿತು ಎಂದು ಅವನಿಗೆ ಭಯವಾಯಿತು. ಮನೆಗೆ ಬಂದು ಹಬ್ಬದ ಶಾವಿಗೆ ಪಾಯಸ, ಸುರಕುಂಬಾ, ಕುಡಿಯುವಾಗ ಅಬ್ಬಾ ತೊದಲುತ್ತ ಕೇಳಿದರು, 'ಎಲ್ಲಿ ಹೋಗಿದ್ದೆ? ನಿನ್ನ ಜಾಗ ಹಿಡಿದಿಟ್ಟಿದ್ದೆ.' 'ತಡ ಆಯ್ತು, ಹಿಂದಿನ ಸಾಲಿನಾಗೆ ಸೇರ್ಕಂಡೆ' ಎಂದ. 'ಹೌ' ಎಂದರು ಅಬ್ಬಾ, ನಂಬಿದರು. ಫೋಟೋ ತೆಗೆದದ್ದು ಯಾವಾಗ ಎಂದು ಜಬೀನ್ ಕೇಳಿದಾಗ, ನಮಾಜು ಮುಗಿದು ಖುತ್ಬಾದ ಪ್ರವಚನ ಆಗುವಾಗ ಎಂದು ಇನ್ನೊಂದು ಸುಳ್ಳು.

ಫಿಲಂ ತೊಳೆಸಿ ನೋಡಿದಾಗಲೇ ಅವನಿಗೆ ಕಂಡದ್ದು. ಭುಜಕ್ಕೆ ಭುಜ ತಾಗಿದ ಸಾಲು, ಬಾಗಿದ ಬೆನ್ನುಗಳು, ಆಮೇಲೆ ಒಂದು ಸಂದು. ಸಂದಿನಲ್ಲಿ ಖಾಲಿ ಜಾನಮಾಜು. ಅದರಾಚೆ ಕುರ್ಚಿಯ ಮೇಲೆ ಅಬ್ಬಾ, ತಲೆ ತಗ್ಗಿದೆ, ಕೆಲಸ ಮಾಡುವ ಬಲಗೈ ತೊಡೆಯ ಮೇಲಿಲ್ಲ. ಅದು ಪಕ್ಕಕ್ಕೆ ಚಾಚಿ ಆ ಖಾಲಿ ಜಾಗದ ಮೇಲೆ ತೂಗುತ್ತಿದೆ, ಯಾರೂ ಬಂದು ನಿಲ್ಲದ ಹಾಗೆ. ಊರಿಗೆಲ್ಲ ಜಾಗ ಬಿಡಬೇಡಿ ಎಂದು ಗದರಿದ ಮನುಷ್ಯ ಮಗನಿಗೋಸ್ಕರ ಸಾಲು ಕೆಡಿಸಿಕೊಂಡು ಕೂತಿದ್ದ. ಅಷ್ಟೆಲ್ಲ ತಿಳಿದೂ ಅಫ್ಸರ್ ಆ ಫೋಟೋವನ್ನು ಬೋರ್ಡಿನ ಮೇಲೆ ಇಟ್ಟ, ಯಾಕೆಂದರೆ ಆ ರೋಲಿನಲ್ಲಿ ಚೆನ್ನಾಗಿ ಬಂದದ್ದು ಅದೊಂದೇ. ಆಕಾಶ ಜಾಸ್ತಿ ಆಯಿತು ಎಂದರು ಒಬ್ಬರು. ಗೋಡೆ ಓರೆಯಾಗಿದೆ ಎಂದರು ಇನ್ನೊಬ್ಬರು. ಪಾತಣ್ಣ 'ಎಲ್ಲಾ ಚೆನ್ನಾಗೈತೆ, ಅಲ್ಲೊಂದು ಹಲ್ಲು ಬಿದ್ದಂಗೆ ಸಂದು ಐತಲ್ಲ' ಎಂದರು. ಆಗ ವೀರೇಶನ ಸರದಿ. ವೀರೇಶ ಫೋಟೋ ನೋಡಲಿಲ್ಲ, ಅಫ್ಸರನ ಮುಖ ನೋಡಿದ. ಅಬ್ಬಾನ ಕೈಯಿಂದಲೇ ಎಷ್ಟು ಹಬ್ಬ ಸುರಕುಂಬಾ ಇಸಿದುಕೊಂಡು ಕುಡಿದವನು. 'ಆ ಕುರ್ಚಿ ಮ್ಯಾಲೆ ಕೂತಿರೋ ಮುದುಕ ಸಾಲು ಕೆಡಿಸ್ಯಾನೆ ಸಾರ್' ಎಂದ ನಿಧಾನವಾಗಿ. 'ಅವನ್ನ ತೆಗೆದ್ರೆ ಚಿತ್ರ ನಿಲ್ತೈತೆ.' ಮೇಷ್ಟ್ರ ರಟ್ಟು ಬಲಗಡೆಯಿಂದ ಸರಿಯುತ್ತ ಬಂತು. ಮೊದಲು ಕುರ್ಚಿಯ ಕಾಲು ಹೋಯಿತು, ಆಮೇಲೆ ಗಡ್ಡ, ಆಮೇಲೆ ಚಾಚಿದ ಕೈ. ಜಾನಮಾಜಿನ ಒಂದು ಮೂಲೆ ಉಳಿಯುವಲ್ಲಿ ರಟ್ಟು ನಿಂತಿತು. 'ಸಾಲಿಗೆ ಒಂದು ಕೊನೆ ಬೇಕು, ಇಷ್ಟಿರಲಿ' ಎಂದರು ಮೇಷ್ಟ್ರು. ಎಲ್ಲರೂ ಹೌದು ಹೌದು ಎಂದರು. ನಿಜವಾಗಿಯೂ ಚಿತ್ರ ಸುಂದರವಾಗಿತ್ತು, ಅದೇ ಅವನಿಗೆ ತಾಳಲಾಗದ ಸಂಗತಿ. 'ಯಾರಪ್ಪ ಈತ, ಪರಿಚಯದೋರಾ?' ಎಂದು ಮೇಷ್ಟ್ರು ಸುಮ್ಮನೆ ಕೇಳಿದರು. ಪದ್ಧತಿಯ ಪ್ರಕಾರ ಈಗ ಅವನು ಬಾಯಿ ಬಿಡಬಹುದಿತ್ತು. ವೀರೇಶ ಕಾಯುತ್ತಿದ್ದ. ಅವ್ವನ್ನ ಮನೇಲಿಟ್ಕಳಪ್ಪ ಎಂಬ ಮಾತಿಗೆ ಎದ್ದ ನಗು ಆ ಮಹಡಿಯ ಗೋಡೆಗಳಲ್ಲಿ ಇನ್ನೂ ಇದ್ದ ಹಾಗಿತ್ತು. 'ಯಾರೋ, ಗೊತ್ತಿಲ್ಲ ಸಾರ್' ಎಂದ ಅಫ್ಸರ್.

ಹೇಳಿದ ಮೇಲೆ ಮನಸ್ಸು ಒಂದು ಬಗೆಯಲ್ಲಿ ಹಗುರವಾದದ್ದೂ ಅವನಿಗೆ ಗೊತ್ತು. ನಾಚಿಕೆಯಿಂದ ಹಾಗೆ ಅಂದೆ ಎಂದು ತನಗೆ ತಾನೇ ಹೇಳಿಕೊಂಡರೂ, ಒಳಗೆ ಇನ್ನೊಬ್ಬ ಚುರುಕಾದ ಮನುಷ್ಯ ಲೆಕ್ಕ ಹಾಕುತ್ತಿದ್ದ: ಅಬ್ಬಾ ಹೋದರೆ ಅಬ್ಬಾನ ಪಕ್ಕದ ಖಾಲಿ ಜಾಗವೂ ಹೋಗುತ್ತದೆ. ತಾನು ಅಲ್ಲಿರಲಿಲ್ಲ ಎಂಬುದಕ್ಕೆ ಸಾಕ್ಷಿ ಇರುವುದಿಲ್ಲ. ಮೇಷ್ಟ್ರ ಕತ್ತಲೆಕೋಣೆಯಲ್ಲಿ ಚಿತ್ರ ದೊಡ್ಡದು ಮಾಡುವ ದಿನ, 'ನಿನ್ನ ಚಿತ್ರ, ನೀನೇ ಕಡಿ' ಎಂದು ಮೇಷ್ಟ್ರು ಅವನ ಕೈಗೇ ಬಿಟ್ಟಿದ್ದರು. ಮೇಲಿನ ದೀಪದಿಂದ ಚಿತ್ರ ಉಲ್ಟಾ ಬಣ್ಣದಲ್ಲಿ ಕೆಳಗೆ ಬಿದ್ದಿತ್ತು, ಬಿಳಿ ಟೋಪಿಗಳೆಲ್ಲ ಕಪ್ಪಾಗಿ, ಅಬ್ಬಾನ ಬಿಳಿ ಗಡ್ಡ ಹರೆಯದವನ ಗಡ್ಡದ ಹಾಗೆ ಕಪ್ಪಾಗಿ. ಕಾಗದ ಹಿಡಿಯುವ ತಗಡಿನ ಪಟ್ಟಿಯನ್ನು ಅವನು ಎಡಕ್ಕೆ ಸರಿಸಿದ. ಅಬ್ಬಾ ಅಲ್ಲಿಂದ ಹೋಗಲಿಲ್ಲ. ಕಾಗದದ ಹೊರಗೆ, ತಗಡಿನ ಮೇಲೆ, ಹಾಗೇ ಕೈ ಚಾಚಿಕೊಂಡು ಕೂತಿದ್ದರು, ದೀಪ ಆರುವ ತನಕ. ಕಾಗದದಲ್ಲಿ ಮಾತ್ರ ಮೂಡಲಿಲ್ಲ.

'ಏನ್ ಊದ್ತೀಯಲೇ, ಅದರಾಗೆ ಏನೂ ಉಳಿದಿಲ್ಲ.'

ಅಫ್ಸರ್ ತಲೆ ಎತ್ತಿದ. ವೀರೇಶ ಸೈಕಲ್ಲಿನ ಮೇಲೆ ಒಂದು ಕಾಲು ಊರಿ ನಿಂತಿದ್ದ. ಮಂಡಿಯಿಂದ ನೇರ ಬಂದಿರಬೇಕು, ಅಂಗಿಯ ಮೇಲೆ ಶೇಂಗಾ ಸಿಪ್ಪೆಯ ಧೂಳು ಇತ್ತು.

'ಸಂಜಿಕ್ಕೆ ನಿಮ್ಮಪ್ಪಾರು ಬರ್ತಾರಂತೆ. ಜಬೀನ್ ಸಿಕ್ಕಿದ್ಲು, ಹೇಳಿದ್ಲು.'

'ಬರ್ತಾರೆ.'

'ಹೇಳಿದ್ದೀಯಾ ಅವರಿಗೆ?'

ಅಫ್ಸರ್ ಸ್ಪ್ಯಾನರ್ ಹುಡುಕುವವನ ಹಾಗೆ ಡಬ್ಬಿಯಲ್ಲಿ ಕೈಯಾಡಿಸಿದ. 'ನಿನಗೆ ಗೊತ್ತಿತ್ತು ಅದು ನಮ್ಮ ಅಬ್ಬಾ ಅಂತ. ಗೊತ್ತಿದ್ದೂ ನೀನೇ ಸುರು ಮಾಡಿದೆ' ಎಂದ.

'ಹೌದು ಕಣಲೇ, ಸುರು ಮಾಡಿದೆ. ನಿನಗೆ ನಮ್ಮವ್ವ ಗೊತ್ತಿರಲಿಲ್ಲಾ? ಆಕೆ ಮಾಡಿದ ರೊಟ್ಟಿ ತಿಂದು ಬಂದು, ಭಕ್ತಿ ಇಲ್ಲ ಅಂದೆ.' ವೀರೇಶ ಕೆಳಗೆ ನೋಡಿದ. 'ನೀನು ಎದ್ದು ಬೈತೀಯ ಅಂದ್ಕಂಡಿದ್ದೆ. ನಮ್ಮಪ್ಪ ಕಣಲೇ ಬೋಳಿಮಗನೆ ಅಂತ ನನ್ನ ಕೊಳ್ಳಪಟ್ಟಿ ಹಿಡೀತೀಯ, ಅಲ್ಲಿಗೆ ನಂದೂ ನಿಂದೂ ಸಮ ಆಗ್ತೈತೆ ಅಂತ. ನೀನು ಗೊತ್ತಿಲ್ಲ ಅಂದುಬಿಟ್ಟೆ.'

'ಅಲ್ಲಿ ಹೆಂಗೆ ಹೇಳ್ಲಿ? ನಿನಗೆ ಆಗಿದ್ದು ನೋಡಿದ್ದೆನಲ್ಲ.'

'ನನಗೇನಾಯ್ತು? ನಕ್ಕರು, ಅಷ್ಟೇ ಅಲ್ಲೇನು.' ವೀರೇಶ ಪೆಡಲು ತುಳಿದ. ಸ್ವಲ್ಪ ದೂರ ಹೋಗಿ ತಿರುಗಿ, 'ಸಂಜೆ ನಾನು ಇರಲ್ಲ. ನೋಡಾಕಾಗಲ್ಲ ನನಗೆ' ಎಂದು ಕೂಗಿದ. ಅವನ ಮೇಲೆ ಸಿಟ್ಟು ಬರಲಿ ಎಂದು ಅಫ್ಸರ್ ಕಾದ, ಬರಲಿಲ್ಲ. ಎಣ್ಣೆಮಿಲ್ಲಿನ ಹಿಂಡಿಯ ವಾಸನೆ ರಸ್ತೆಯುದ್ದಕ್ಕೂ ಬರುತ್ತಿತ್ತು. ಈಗಲೇ ಮನೆಗೆ ಹೋಗಿ ಹೇಳಿಬಿಡಬಹುದು. ಅಬ್ಬಾ, ನಾನು ನಿಮ್ಮನ್ನು ಕಡಿದೆ. ಉರ್ದುವಿನಲ್ಲಿ ಹೇಳಿ ನೋಡಿದ, ಕನ್ನಡದಲ್ಲಿ ಹೇಳಿ ನೋಡಿದ, ಎರಡರಲ್ಲೂ ಅದು ಕಸಾಯಿಯವನ ಮಾತಿನ ಹಾಗೆ ಕೇಳಿಸಿತು. ಕಾರ್ಬೊರೇಟರ್ ಜೋಡಿಸಿ ಗಾಡಿಯನ್ನು ಸ್ಟಾರ್ಟ್ ಮಾಡಿದ, ಒಂದೇ ತುಳಿತಕ್ಕೆ ಹತ್ತಿಕೊಂಡಿತು.

ಪ್ರದರ್ಶನವಿದ್ದದ್ದು ಕಲ್ಯಾಣಮಂಟಪದ ಊಟದ ಹಾಲಿನಲ್ಲಿ. ಬೆಂಚುಗಳನ್ನು ಮೂಲೆಗೆ ಒಟ್ಟಿ, ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಚಿತ್ರ ತೂಗುಹಾಕಿದ್ದರು. ಹಿಂದಿನ ದಿನದ ಮದುವೆಯ ಸಾರಿನ ವಾಸನೆ ಹಾಗೇ ಇತ್ತು. ಅಬ್ಬಾ ಎಂ-ಎಯ್ಟಿಯ ಹಿಂದಿನ ಸೀಟಿನಿಂದ ಇಳಿಯುವಾಗ, ದಾರಿಯುದ್ದಕ್ಕೂ ಹಿಡಿದಿದ್ದ ಮಗನ ಭುಜವನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಶೇರ್ವಾನಿಗೆ ಅತ್ತರು ಹಚ್ಚಿದ್ದಳು ಜಬೀನ್. ಬಾಗಿಲಲ್ಲೇ, ಕೈತೊಳೆಯುವ ನಲ್ಲಿಗಳ ಪಕ್ಕ, ಯಾರೂ ನಿಂತು ನೋಡದ ಜಾಗದಲ್ಲಿ ಚಿನ್ನಕ್ಕನ ಚಿತ್ರವಿತ್ತು. ವೀರೇಶ ಒಂದು ಕೂದಲೆಳೆಯಷ್ಟನ್ನೂ ಕಡಿಯಲು ಒಪ್ಪಿರಲಿಲ್ಲ. ಸದಸ್ಯ ಎಂಬ ಕಾರಣಕ್ಕೆ ಮೇಷ್ಟ್ರು ಅದನ್ನು ಅಲ್ಲಿ ಹಾಕಿಸಿದ್ದರು. ಅಬ್ಬಾ ನಿಂತರು. 'ಅರೆ, ವೀರೇಶನ ಅವ್ವ!' ಎಂದರು. ಚಿತ್ರದೊಳಗಿನಿಂದ ಚಿನ್ನಕ್ಕ ಅವರನ್ನೇ ನೋಡುತ್ತಿದ್ದಳು. ಅಬ್ಬಾ ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿ ಬಲಗೈ ಎತ್ತಿ ಅವಳಿಗೆ ಸಲಾಮು ಮಾಡಿದರು. 'ಎಷ್ಟು ಚೆನ್ನಾಗಿ ತೆಗ್ದಾನೆ ವೀರೇಶ. ಈಗ ಮಾತಾಡಿಸಿಬಿಡ್ತಾಳೆ ಅನ್ನಿಸ್ತೈತೆ.' ಹಾಗಾದರೆ ತನ್ನದು ಇದಕ್ಕಿಂತ ಚೆನ್ನಾಗಿರಬೇಕು ಎಂಬ ಆಸೆ ಅವರ ಮುಖದಲ್ಲಿ ಮುಚ್ಚುಮರೆಯಿಲ್ಲದೆ ಕಂಡಿತು. 'ನಂದು ಎಲ್ಲಿ?' ಎಂದರು.

ಅಫ್ಸರ್ ಎದುರಿನ ಗೋಡೆ ತೋರಿಸಿದ. ನಡುವೆ ನಡೆಯುವ ಅಷ್ಟು ದೂರದಲ್ಲೂ ಹೇಳಿಬಿಡಬಹುದಿತ್ತು. ಅಬ್ಬಾನ ಎಡಗಾಲು ನೆಲ ಸವರುತ್ತ ಬರುತ್ತಿತ್ತು, ಆ ಸದ್ದನ್ನೇ ಕೇಳುತ್ತ ನಡೆದ. ಮೊದಲ ಬಹುಮಾನ ಎಂದು ಬರೆದ ಚೀಟಿಯ ಮೇಲೆ ಆ ಚಿತ್ರ ದೊಡ್ಡದಾಗಿ, ನಿಜವಾಗಿಯೂ ಜಬೀನ್ ಕೈ ಅಗಲಿಸಿದಷ್ಟೇ ದೊಡ್ಡದಾಗಿ ಇತ್ತು. ಅಬ್ಬಾ ಹತ್ತಿರ ಹೋಗಿ ಎಡತುದಿಯಿಂದ ಶುರುಮಾಡಿದರು. ಬೆರಳನ್ನು ಮುಟ್ಟಿಸದೆ, ಗಾಜಿನ ಮುಂದೆ ಹಿಡಿದು, ಒಂದೊಂದೇ ಬೆನ್ನನ್ನು ದಾಟುತ್ತ ಬಂದರು. 'ಇವನು ಪಿಂಜಾರರ ಹುಡುಗ. ಇವನು ಟಯರ್ ಅಂಗಡಿಯವನು.' ಬೆನ್ನು ನೋಡಿಯೇ ಗುರುತು ಹಿಡಿಯುತ್ತಿದ್ದರು, ಅಷ್ಟು ವರ್ಷ ಸಾಲು ನೆಟ್ಟಗೆ ಮಾಡಿದವರು. ಬೆರಳು ಕೊನೆಗೆ ಬಂತು. ಅಲ್ಲಿ ಜಾನಮಾಜಿನ ಮೂಲೆ, ಇಸ್ತ್ರಿಯ ಸುಟ್ಟ ಗುರುತು. ಬೆರಳು ಆ ಗುರುತಿನ ಹತ್ತಿರ ನಿಂತು, ಆಮೇಲೆ ಚೌಕಟ್ಟನ್ನೂ ದಾಟಿ ಬಿಳಿ ಬಟ್ಟೆಯ ಮೇಲೆ ಒಂದು ಗೇಣು ಹೋಗಿ ನಿಂತಿತು. ಅಲ್ಲಿ ಏನೂ ಇರಲಿಲ್ಲ. 'ಇದು ಸಜ್ದಾದ ಹೊತ್ತು' ಎಂದರು ಉರ್ದುವಿನಲ್ಲಿ. ಕೇಳಿದ್ದಲ್ಲ, ಸುಮ್ಮನೆ ಹೇಳಿದ್ದು. ಎಲ್ಲರ ಹಣೆಯೂ ನೆಲದಲ್ಲಿರುವಾಗ ಇದನ್ನು ತೆಗೆದವನು ಯಾವ ಹಿಂದಿನ ಸಾಲಿನಲ್ಲೂ ಇರಲಿಲ್ಲ ಎಂಬುದು ಅವರಿಗೆ ತಿಳಿಯಿತು. ತಿಳಿಯಿತು ಎಂಬುದು ಅಫ್ಸರನಿಗೂ ತಿಳಿಯಿತು.

ಅದೇ ಹೊತ್ತಿಗೆ ಮುದ್ದಪ್ಪ ಮೇಷ್ಟ್ರು ಬಂದರು. 'ನಿಮ್ಮ ತಂದೆಯವ್ರಾ? ನಮಸ್ಕಾರ ಸಾಹೇಬ್ರೆ' ಎಂದು ಕೈ ಮುಗಿದರು. ಅವರ ಸಂತೋಷ ನಿಜವಾದದ್ದು. 'ನಿಮ್ಮ ಮಗ ಜಾಣ. ಹೇಳಿದ್ದು ಕೇಳ್ತಾನೆ. ಇದರಾಗೆ ಇಲ್ಲೊಬ್ಬ ಮುದುಕ ಕುರ್ಚಿ ಹಾಕ್ಕಂಡು ಕೂತಿದ್ದ. ಪಕ್ಕದಾಗೆ ಒಂದು ಸಂದು ಬ್ಯಾರೆ. ಇಡೀ ಸಾಲು ಕೆಟ್ಟುಹೋಗಿತ್ತು. ಯಾರಪ್ಪ ಅಂದ್ರೆ ಇವನಿಗೂ ಗೊತ್ತಿಲ್ಲ ಅಂದ. ತೆಗೆಸಿಬಿಟ್ಟೆ. ಈಗ ನೋಡಿ.' ಮಾತಾಡುತ್ತ ಅವರು ಅಬ್ಬಾನ ಮುಖವನ್ನೇ ನೋಡುತ್ತಿದ್ದರು, ಅದೇ ಗಡ್ಡ, ಅದೇ ಶೇರ್ವಾನಿ. ಗುರುತು ಸಿಗಲಿಲ್ಲ. ಕೇರಂ ಬೋರ್ಡಿನ ಮೇಲೆ ಅವರು ನೋಡಿದ್ದು ಕುರ್ಚಿಯನ್ನು, ಸಂದನ್ನು. ಅಫ್ಸರ್ ನೆಲ ನೋಡಿದ. ಈಗಲೂ ಒಂದು ಮಾತು ಸಾಕಿತ್ತು, 'ಇವರೇ' ಎಂಬ ಮೂರು ಅಕ್ಷರದ ಮಾತು, ಅಬ್ಬಾ ಪಕ್ಕದಲ್ಲೇ ನಿಂತಿದ್ದರು. ಅಬ್ಬಾ ಅದಕ್ಕಾಗಿ ಕಾದರು ಎಂದು ಅವನಿಗೆ ಅನ್ನಿಸಿತು. ಕಾದು, ಆಮೇಲೆ ತೊದಲದೆ ಆಡಬೇಕೆಂದು ಒಂದೊಂದೇ ಶಬ್ದವನ್ನು ಎತ್ತಿ ಇಡುತ್ತ ಕನ್ನಡದಲ್ಲಿ ಹೇಳಿದರು, 'ಒಳ್ಳೇದು ಮಾಡಿದ್ರಿ ಸಾರ್. ಸಾಲಿನಾಗೆ ಸಂದು ಇರಬಾರದು.'

'ನೋಡಿದ್ಯಾ, ನಿಮ್ಮ ತಂದೆಯವರಿಗೂ ಗೊತ್ತಾಗ್ತೈತೆ' ಎಂದು ಮೇಷ್ಟ್ರು ಅಫ್ಸರನ ಬೆನ್ನು ತಟ್ಟಿದರು.

ವಾಪಸು ಬರುವಾಗ ಅಬ್ಬಾ ಅವನ ಭುಜ ಹಿಡಿಯಲಿಲ್ಲ. ಹಿಂದಿನ ಕ್ಯಾರಿಯರಿನ ಕಂಬಿಯನ್ನು ಒಂದೇ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಉಬ್ಬಿನಲ್ಲಿ ಬೀಳಬಹುದು ಎಂದು ಅವನು ನಡೆಯುವಷ್ಟೇ ನಿಧಾನವಾಗಿ ಗಾಡಿ ಓಡಿಸಿದ. ಹೊಡೆಯಲಿ, ಬೈಯಲಿ, ನಾಲ್ಕು ಜನರಿಗೆ ಕೇಳುವ ಹಾಗೆ ಕೂಗಲಿ ಎಂದು ಬೇಡಿಕೊಂಡ. ಮನೆಯ ಹೊಸ್ತಿಲಲ್ಲೇ ಜಬೀನ್ ಕಾದಿದ್ದಳು. 'ಹೆಂಗೈತೆ ಅಬ್ಬಾ? ನೀವು ಹೆಂಗೆ ಬಂದೀರಾ?' ಅಬ್ಬಾ ಅವಳ ಕೈಗೆ ಊರುಗೋಲು ಕೊಟ್ಟು, ಶೇರ್ವಾನಿಯ ಗುಂಡಿ ಬಿಚ್ಚುತ್ತ, 'ಚೆನ್ನಾಗಿ ಬಂದೀನಿ. ಕುರ್ಚಿ, ಕೈ, ಎಲ್ಲಾ ಬಂದೈತೆ. ದೊಡ್ಡದು' ಎಂದರು. ಅಫ್ಸರ್ ಬಚ್ಚಲಿಗೆ ಹೋಗಿ ಸೀಮೆಎಣ್ಣೆ, ಸೋಪು ಎರಡರಲ್ಲೂ ಕೈ ತಿಕ್ಕಿದ, ಆ ದಿನ ಕೈಯಲ್ಲಿ ಗ್ರೀಸೇ ಇರಲಿಲ್ಲ. ತನಗಾಗಿ ಅಬ್ಬಾ ಸುಳ್ಳು ಹೇಳಿದ್ದು ಅವನ ಬದುಕಿನಲ್ಲಿ ಅದೇ ಮೊದಲು. ಅವರ ಮೇಲೆ ಅವನಿಗೆ ಸಿಟ್ಟು ಬಂತು, ಈವರೆಗೆ ಯಾರ ಮೇಲೂ ಬಾರದಷ್ಟು ಸಿಟ್ಟು.

ಬಕ್ರೀದ್ ಬಂತು. ಅಷ್ಟರಲ್ಲಿ ಅವನು ಮೇಷ್ಟ್ರ ಮಹಡಿಗೆ ಹೋಗುವುದನ್ನು ಬಿಟ್ಟಿದ್ದ. ಕ್ಯಾಮೆರಾವನ್ನು ಮನೆಯಲ್ಲೇ ಪೆಟ್ಟಿಗೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟು, ಕುರ್ಚಿ, ಜಾನಮಾಜು ಎರಡನ್ನೂ ತಾನೇ ಹೊತ್ತು ಅಬ್ಬಾನನ್ನು ಈದ್ಗಾಕ್ಕೆ ಕರೆದುಕೊಂಡು ಹೋದ. ಜನ ಇನ್ನೂ ಸೇರುತ್ತಿದ್ದರು. ಮೊದಲ ಸಾಲಿನ ಕೊನೆಗೆ, ಸುಣ್ಣದ ಗೆರೆಯ ಮೇಲೆ ಕುರ್ಚಿ ಬಿಚ್ಚಿ ಇಟ್ಟ. ಪಕ್ಕದಲ್ಲಿ, ಒಂದು ಬೆರಳು ಸಂದು ಕೂಡ ಇಲ್ಲದ ಹಾಗೆ ಜಾನಮಾಜು ಹಾಸಿದ. ಚಪ್ಪಲಿ ಬಿಟ್ಟು ಅದರ ಮೇಲೆ ನಿಂತುಕೊಂಡ, ಈ ಸಲ ಎಲ್ಲಿಗೂ ಹೋಗುವುದಿಲ್ಲ ಎಂದು ತೋರಿಸಲು. ಅಬ್ಬಾ ಕೂರಲಿಲ್ಲ. ಊರುಗೋಲೆತ್ತಿ ಹಿಂದೆ, ಎಲ್ಲ ಸಾಲುಗಳಿಗಿಂತ ಹಿಂದೆ, ಜನ ಚಪ್ಪಲಿ ಬಿಡುತ್ತಿದ್ದ ಹೊಂಗೆಮರದ ಬುಡವನ್ನು ತೋರಿಸಿದರು.

'ಅಲ್ಲಿಡು.'

'ಅಬ್ಬಾ, ನಾನು ಇಲ್ಲೇ ಇರ್ತೀನಿ. ನಿಮ್ಮ ಪಕ್ಕದಾಗೇ ನಿಲ್ತೀನಿ.'

'ಸಾಲು ಕೆಡ್ತೈತೆ' ಎಂದರು ಅಬ್ಬಾ. ಅದರಲ್ಲಿ ಕೊಂಕು ಹುಡುಕಿದ ಅಫ್ಸರ್. ಇರಲಿಲ್ಲ. ಎಷ್ಟೋ ವರ್ಷ ಎಷ್ಟೋ ಜನಕ್ಕೆ ಹೇಳುತ್ತ ಬಂದ ಅದೇ ದನಿ. 'ಫೋಟೋ ತೆಗೆಯೋರು ಯಾರಾದ್ರೂ ಬರ್ತಾರೆ' ಎಂದು ಸೇರಿಸಿ, ಅವನ ಉತ್ತರಕ್ಕೆ ಕಾಯದೆ, ಎಡಗಾಲು ಎಳೆಯುತ್ತ ಮರದ ಕಡೆ ನಡೆಯತೊಡಗಿದರು. ಅಫ್ಸರ್ ಕುರ್ಚಿ ಮಡಚಿ ಹಿಂದೆ ಹೋದ. ಚಪ್ಪಲಿಗಳನ್ನು ಕಾಲಿಂದ ಸರಿಸಿ ಜಾಗ ಮಾಡಿ, ಕುರ್ಚಿ ಇಟ್ಟು ಅವರನ್ನು ಕೂರಿಸಿದ. ತಾನೂ ಅಲ್ಲೇ, ಚಪ್ಪಲಿಗಳ ನಡುವೆ, ನಿಲ್ಲುವವನಂತೆ ಜಾನಮಾಜು ಬಿಚ್ಚಿದ. ಅಬ್ಬಾ ಬಲಗೈಯಿಂದ ಅವನ ತೋಳು ಹಿಡಿದು ಮುಂದಕ್ಕೆ ನೂಕಿದರು. ಒಂದು ಕಾಲದಲ್ಲಿ ಮಂಡಿ ಸಾಹುಕಾರನನ್ನು ಸರಿಸಿದ ಕೈ. ಮುಂದೆ ಯಾರೋ ಹುಡುಗದನಿಯವನು ಜಗಾ ನಕ್ಕೋ ಛೋಡೋ ಭಾಯ್ ಎಂದು ಕೂಗುತ್ತಿದ್ದ. ಕೊನೆಯ ಸಾಲಿನಲ್ಲಿ ಒಬ್ಬ ಮನುಷ್ಯ ಹಿಡಿಸುವಷ್ಟು ಜಾಗವಿತ್ತು. ಅಫ್ಸರ್ ಹೋಗಿ ಅದರಲ್ಲಿ ನಿಂತ. ಎಡಗಡೆಯವನ ಭುಜ ತಾಗಿತು, ಬಲಗಡೆಯವನ ಭುಜ ತಾಗಿತು. ಎಲ್ಲರ ಜೊತೆ ಹಣೆಯನ್ನು ನೆಲಕ್ಕೆ ಹಚ್ಚಿದಾಗ ಹಿಂದೆ, ಮರದ ಬುಡದಲ್ಲಿ, ಕಬ್ಬಿಣದ ಕುರ್ಚಿ ಒಮ್ಮೆ ಕಿರ್ರೆಂದಿತು. ತಿರುಗಿ ನೋಡುವಂತಿರಲಿಲ್ಲ. ಸಾಲು ನೆಟ್ಟಗಿತ್ತು, ಎಲ್ಲೂ ಸಂದು ಇರಲಿಲ್ಲ.